ಮೊದಲ ತುತ್ತು ಮಾಲಕರದು

ನಾಯಿ ಉಣ್ಣುವ ತನಕ ನಮ್ಮ ಅವ್ವ ಉಣ್ಣುತ್ತಿರಲಿಲ್ಲ. ಇದನ್ನು ಶಾಲೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ನಾನು ಅವಳ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದ ಮೇಲೆ ಅರ್ಧ ತಾಸಿನೊಳಗೆ ಅವಳು ಉಣ್ಣಲೇಬೇಕು. ಆ ಅರ್ಧ ತಾಸೂ ಅವಳು ಅಡುಗೆಮನೆಯ ನೆಲದ ಮೇಲೆ ಕೂತು, ಎರಡು ಗೇಣಿನ ಬಿಳಿ ನಾಯಿಯೊಂದರ ಮುಂದೆ ತಾಟು ಹಿಡಿದು, "ಉಣ್ಣೋ ನನ್ನಪ್ಪ, ಒಂದ್ ತುತ್ತರ ಉಣ್ಣೋ" ಎಂದು ಬೇಡಿಕೊಳ್ಳುತ್ತಿದ್ದಳು. ನಾಯಿ ತಾಟನ್ನು ಮೂಸುತ್ತಿತ್ತು, ಮುಖ ತಿರುಗಿಸುತ್ತಿತ್ತು, ಹೋಗಿ ದಿವಾನದ ಮೇಲೆ ಹತ್ತಿ ಕೂರುತ್ತಿತ್ತು. ಅತ್ತ ನನ್ನ ಅಕ್ಕಲಕೋಟದ ಬಸ್ಸು ಹೋಗಿಬಿಡುತ್ತಿತ್ತು. ಆ ಸಿಟ್ಟು ಇನ್ನೂ ನನ್ನ ಮೈಯಲ್ಲಿದೆ. ಇಳಿಯಲಿ ಅಂತಲೂ ನನಗಿಲ್ಲ.

ನಾನು ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಮನೆ ಸೊಲ್ಲಾಪುರದಲ್ಲಿ, ದಿನಾ ಕುಂಭಾರಿ ದಾಟಿ ಹೋಗಿ ಬರುವುದು. ಗಂಡ, ಮಕ್ಕಳು ಇಲ್ಲ. ಆ ಸುದ್ದಿ ಇಲ್ಲಿ ಬೇಡ. ಅಪ್ಪ ಮಂದ್ರೂಪದ ಕಡೆಯ ಹಳ್ಳಿಯಲ್ಲಿ ಹೊಲ ಮಾಡಿಕೊಂಡು, ಕುರಿ ಕಾಯ್ದುಕೊಂಡು ಇದ್ದವನು. ಅವನು ತೀರಿಕೊಂಡ ಮೇಲೆ ಅವ್ವನನ್ನು ನಾನು ಕರೆದುಕೊಂಡು ಬಂದೆ. ನನಗೊಬ್ಬ ತಮ್ಮನಿದ್ದಾನೆ. ಅಕ್ಕಲಕೋಟದಲ್ಲಿ ಗುಡಿಗೆ ಹೋಗುವ ರಸ್ತೆಯಲ್ಲಿ ಅವನದು ಪೇಢಾ, ಹೂವು, ಕಾಯಿಯ ಅಂಗಡಿ. ಅವ್ವನನ್ನು ಇಟ್ಟುಕೊಳ್ಳಲು ಅವನ ಮನೆಯಲ್ಲಿ ಜಾಗವಿರಲಿಲ್ಲ. ಅವಳಿಗೆ ಜೊತೆಯಾಗಲಿ ಎಂದು ಯಾರೋ ಗಿರಾಕಿ ಬಿಟ್ಟುಹೋದ ನಾಯಿಮರಿಯನ್ನು ತಂದುಕೊಡಲು ಮಾತ್ರ ಪುರಸೊತ್ತು ಇತ್ತು. ತಂದ ದಿನ ಭಾನುವಾರ, ನಮ್ಮ ಮನೆದೇವರು ಮೈಲಾರನ ವಾರ. ಅಷ್ಟು ಸಾಕಾಯಿತು.

"ಐತವಾರ ಬಂದೈತಿ ನೋಡು," ಎಂದಳು ಅವ್ವ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು. "ಮೈಲಾರಲಿಂಗನ ಕಳಿಸ್ಯಾನ."

"ನಿನ್ನ ಮಗಾ ಕಳಿಸ್ಯಾನ. ಇನ್ನ ಮ್ಯಾಲ ಈ ಮನಿಗೆ ಇದ ಮಾಲಕ," ಎಂದೆ ನಾನು.

ನಮ್ಮೂರಲ್ಲಿ ಅಂಗಡಿಯ ಧಣಿಗಳನ್ನು ಕರೆಯುವ ಹಾಗೆ, ಚುಚ್ಚಬೇಕೆಂದೇ ಹೇಳಿದ ಮಾತು. ಅವ್ವ ಅದನ್ನು ಭಕ್ತಿಯಿಂದ ತೆಗೆದುಕೊಂಡಳು. ಅಂದಿನಿಂದ ಅದು "ಮಾಲಕ್ರು" ಆಯಿತು. ಮಾಲಕ್ರು ಎದ್ದಾರ, ಮಾಲಕ್ರು ಸಿಟ್ಟಾಗ್ಯಾರ, ಮಾಲಕ್ರಿಗೆ ಇವತ್ತ ಅನ್ನ ಸೇರವಲ್ದು.

ಮೈಲಾರನ ಒಕ್ಕಲಿನವರಲ್ಲದವರಿಗೆ ಇದರ ಹಿಂದಿನ ಕಥೆ ಹೇಳಬೇಕು. ನಾಯಿ ನಮ್ಮ ದೇವರ ಪ್ರಾಣಿ. ಮೈಲಾರನಿಗೆ ನಡೆದುಕೊಳ್ಳುವ ವಗ್ಗಯ್ಯಗಳು ಕಂಬಳಿ ತೊಟ್ಟು, ಅರಿಶಿನದ ಭಂಡಾರ ಬಳಿದುಕೊಂಡು ಮನೆಗೆ ಬಂದರೆ ದೋಣಿ ತುಂಬಿಸುತ್ತೇವೆ. ದೋಣಿ ಎಂದರೆ ಕಟ್ಟಿಗೆಯ ಬೋಗುಣಿ. ಅದರಲ್ಲಿ ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ, ಮುರಿದ ರೊಟ್ಟಿ. ವಗ್ಗಯ್ಯಗಳು ಮೊಣಕಾಲೂರಿ ಬೊಗಳುತ್ತ, ಗುರುಗುಟ್ಟುತ್ತ, ಕೈ ಹಚ್ಚದೆ ಬಾಯಿಂದಲೇ ತಿನ್ನುತ್ತಾರೆ. ಆ ಹೊತ್ತಿಗೆ ಅವರು ಮೈಲಾರನ ನಾಯಿಗಳು. ಅವರ ಬಾಯಿ ಮುಟ್ಟಿದ ಮೇಲೆಯೇ ಮನೆಯವರಿಗೆ ಪ್ರಸಾದ. ವಗ್ಗಯ್ಯಗಳು ಬಾರದ ಭಾನುವಾರ ಮನೆಯ ನಾಯಿಗೆ ಮೊದಲ ತುತ್ತು. ನಮ್ಮ ಅಪ್ಪ ರೊಟ್ಟಿಯ ಚೂರು ಎಸೆದರೆ ಕುರಿಹಟ್ಟಿಯ ನಾಯಿ ಅದನ್ನು ಗಾಳಿಯಲ್ಲೇ ಹಿಡಿದು ನುಂಗುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ದೇವರ ಕೆಲಸ ಮುಗಿಯುತ್ತಿತ್ತು. ಹಸಿದ ನಾಯಿಯನ್ನು ನೋಡಿ ಹಿರಿಯರು ಮಾಡಿದ ಪದ್ಧತಿ ಅದು. ತಾಟಿಗೆ ಮೂಗು ಮುರಿಯುವ ನಾಯಿಯೊಂದು ಹುಟ್ಟಿಬರುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಹಳ್ಳಿಯಲ್ಲಿ ಭಾನುವಾರಕ್ಕಷ್ಟೇ ಇದ್ದದ್ದು ಸೊಲ್ಲಾಪುರಕ್ಕೆ ಬಂದ ಮೇಲೆ ವಾರವಿಡೀ ಆಯಿತು. ಯಾಕೆ ಎಂದು ಕೇಳಿದರೆ ಅವ್ವ, "ದೇವರು ಐತವಾರಕ್ಕಷ್ಟ ಇರ್ತಾನೇನು?" ಎಂದು ನನಗೇ ತಿರುಗಿಸಿ ಕೇಳುತ್ತಿದ್ದಳು.

ಇನ್ನು ಮಾಲಕರ ಊಟ. ಅಂಗಡಿಯಿಂದ ನಾನು ತಂದ ನಾಯಿಯ ಕಾಳಿನ ಚೀಲ ಹಾಗೇ ಮುಗ್ಗಿತು. ಅನ್ನಕ್ಕೆ ಗಜ್ಜರಿ ಬೇಯಿಸಿ ಕಲಸಿದರೆ ಅನ್ನ ನೆಕ್ಕಿ ಗಜ್ಜರಿಯನ್ನು ಒಂದೊಂದಾಗಿ ನೆಲದ ಮೇಲೆ ಉಗುಳುತ್ತಿತ್ತು, ನಾನು ಕಸ ಹೊಡೆಯಲಿ ಎಂದು. ತತ್ತಿಯ ಹಳದಿ ಬೇಕು, ಬಿಳಿ ಬೇಡ. ರೊಟ್ಟಿ ಬೇಡ, ಚಪಾತಿ ಬೇಕು, ಅದಕ್ಕೆ ತುಪ್ಪ ಬೇಕು, ತುಪ್ಪ ಮೇಲೆ ಕಾಣಬೇಕು. ಖಾರಿ ಬಿಸ್ಕಿಟ್ಟನ್ನು ಚಹಾದಲ್ಲಿ ಅದ್ದಿ ಕೊಡಬೇಕು. ನಮ್ಮ ಊರಿನ ಶೇಂಗಾ ಚಟ್ನಿಗೆ ಎಣ್ಣೆ ಹಾಕಿ ಕಲಸಿದರೆ ಅದೂ ಆಗುತ್ತಿತ್ತು. ಎಲ್ಲಕ್ಕಿಂತ ಮೇಲೆ ಪೇಢಾ. ತಮ್ಮ ಭಾನುವಾರಕ್ಕೊಮ್ಮೆ ಅಂಗಡಿಯಿಂದ ಒಂದು ಡಬ್ಬಿ ತರುತ್ತಿದ್ದ. ಪ್ರಸಾದ ಬೇರೆ, ಬೇಡ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ತಾಯಿಯ ಮನೆಗೆ ಡಬ್ಬಿ ಡಬ್ಬಿ ಪೇಢಾ ತರುವ ಮಗನಿಗೆ ಬುದ್ಧಿ ಎಲ್ಲಿಂದ ತರಬೇಕು? ಅವ್ವ ತಿನ್ನುತ್ತಿರಲಿಲ್ಲ ನಿಜ. ಎಲ್ಲ ಮಾಲಕರ ಹೊಟ್ಟೆಗೆ ಹೋಗುತ್ತಿತ್ತು.

ನಾಯಿ ಮೂರ್ಖ ಪ್ರಾಣಿಯಲ್ಲ. ಬೇಡ ಎಂದರೆ ಇನ್ನೂ ಒಳ್ಳೆಯದು ಬರುತ್ತದೆ ಎನ್ನುವುದನ್ನು ಅದು ಬೇಗ ಕಲಿಯಿತು. ಅದು ಎಷ್ಟು ಹೊತ್ತು ಮುಖ ತಿರುಗಿಸುತ್ತಿತ್ತೋ ಅಷ್ಟು ಹೊತ್ತು ಅವ್ವ ಉಪವಾಸ. ಅವ್ವನ ಕೈ ನಡುಗತೊಡಗಿದರೆ ಚಪಾತಿ ಹೋಗಿ ಪೇಢಾ ಬರುತ್ತಿತ್ತು. ಆಗ ಮಾಲಕರು ದಿವಾನದಿಂದ ಇಳಿದು ಬಂದು ಕೃಪೆ ಮಾಡುತ್ತಿದ್ದರು.

ಒಂದು ಮಳೆಗಾಲದಲ್ಲಿ ಅದರ ಕೂದಲು ಉದುರಿತು. ಬೆನ್ನ ಮೇಲೆ ಹುಣ್ಣು, ಬಾಯಲ್ಲಿ ವಾಸನೆ, ಹೊಟ್ಟೆ ಮಾತ್ರ ಗಡಿಗೆ. ಒಂದು ಶನಿವಾರ ಬುಟ್ಟಿಯಲ್ಲಿ ಹಾಕಿಕೊಂಡು ದನದ ಡಾಕ್ಟರರ ಹತ್ತಿರ ಹೋದೆ. ಅವರು ಮರಾಠಿ ಮಾತಾಡುವವರು. ಹೊಟ್ಟೆ ಹಿಚುಕಿ, ಹಲ್ಲು ನೋಡಿ, ಏನೇನು ತಿನ್ನುತ್ತದೆ ಎಂದು ಕೇಳಿದರು. ಹೇಳಿದೆ. ಪೇಢಾಕ್ಕೆ ಬಂದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಬಾಯಿ, ಹೇ ಕುತ್ರಂ ಆಜಾರೀ ನಾಹೀ. ತುಮ್ಹೀ ಆಜಾರೀ ಕೇಲಂಯ," ಎಂದರು. ನಾಯಿಗೆ ರೋಗ ಬಂದಿಲ್ಲ, ನೀವೇ ತಂದಿದ್ದೀರಿ ಎಂದು.

ನಾನು ಅಲ್ಲ, ನಮ್ಮ ಅವ್ವ ಎಂದು ಹೇಳಲು ಬಾಯಿಯ ತನಕ ಬಂತು. ನುಂಗಿಕೊಂಡೆ. ಅವರು ಬಿಡಿಸಿ ಹೇಳಿದರು. ಅನ್ನ ಸ್ವಲ್ಪ, ತತ್ತಿ ಇಲ್ಲವೇ ಕೋಳಿ ಇಲ್ಲವೇ ಪನೀರು ಹೆಚ್ಚು, ಗಜ್ಜರಿ, ಕುಂಬಳ, ಅದರ ಜೊತೆಗೆ ನಾಯಿಯ ಕಾಳು. ಎಲ್ಲವನ್ನೂ ಆರಿಸಲಾಗದಂತೆ ಹಿಚುಕಿ ಕಲಸಬೇಕು. ಉಪ್ಪು, ಸಕ್ಕರೆ, ಬಳ್ಳೊಳ್ಳಿ, ಉಳ್ಳಾಗಡ್ಡಿ ಕೂಡದು. ಇಟ್ಟು ಕಾಲು ತಾಸು ಬಿಡಿ, ಮುಟ್ಟದಿದ್ದರೆ ಸುಮ್ಮನೆ ತೆಗೆಯಿರಿ, ಮುಂದಿನ ಹೊತ್ತಿನ ತನಕ ನೀರಷ್ಟೇ. ಬೇಡಿಕೊಳ್ಳಬೇಡಿ, ಮುಂದೆ ಕೂರಬೇಡಿ, ನೋಡಲೂ ಬೇಡಿ. ಹಸಿವಾದರೆ ತಾನೇ ತಿನ್ನುತ್ತದೆ. ಹೀಗೇ ಬಿಟ್ಟರೆ ಯಕೃತ್ತು ಕೆಟ್ಟು ಬೇಗ ಸಾಯುತ್ತದೆ. ಮಾತು ಸರಿಯಾಗಿಯೇ ಇತ್ತು. ನಾಯಿ ಒಂದು ಹೊತ್ತು ಉಪವಾಸವಿದ್ದರೆ ನಮ್ಮ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಂಡ ಮುದುಕಿಯೊಬ್ಬಳು ಉಪವಾಸವಿರುತ್ತಾಳೆ ಎನ್ನುವುದಕ್ಕೆ ಅವರಲ್ಲಿ ಔಷಧ ಇರಲಿಲ್ಲ. ನಾನು ಕೇಳಲೂ ಇಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಮನೆಗೆ ಬಂದು ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು.

"ಅದು ಉಣ್ಣಲಿಲ್ಲಂದ್ರ ತಾಟ ತಗೀಬೇಕು. ತಿಳೀತೇನ?"

"ತಿಳೀತ."

"ನೀ ನಿನ್ನ ಊಟಾ ಮಾಡಬೇಕು."

"ಮೂಕ ಜೀವಾನ ಉಪಾಸ ಕೆಡವಿ ನಾ ಹ್ಯಾಂಗ ಉಣ್ಣಲಿ?" ಎಂದಳು ಅವ್ವ. ಮಾತು ಬಾರದ ಪ್ರಾಣಿಯ ಮೇಲೆ ಅವಳಿಗೆ ಅಷ್ಟು ಕರುಣೆ. ಮಾತು ಬರುವ ಮಗಳು ಗಂಟಲು ಹರಿದುಕೊಂಡರೆ ಏನೂ ಇಲ್ಲ.

ಆ ವಾರ ನಮ್ಮ ಮನೆಯಲ್ಲಿ ನಡೆದದ್ದು ಯುದ್ಧ. ನಾನು ಬೆಳಿಗ್ಗೆ ಎದ್ದು ಮಾಲಕರ ಅಡುಗೆ ಮಾಡುತ್ತಿದ್ದೆ. ನನ್ನ ಡಬ್ಬಿಗೆ ನಿನ್ನೆಯ ಪಲ್ಯ, ಅದಕ್ಕೆ ಇಂದಿನ ಪನೀರು. ಹಿಚುಕಿ, ಕಲಸಿ, ತಣಿಸಿ ಇಡುತ್ತಿದ್ದೆ. ಅದು ಮೂಸಿ ಹೋಗುತ್ತಿತ್ತು. ನಾನು ತಾಟು ತೆಗೆಯುತ್ತಿದ್ದೆ. ಅವ್ವನಿಗೆ ಇನ್ಸುಲಿನ್ ಚುಚ್ಚಿ, ರೊಟ್ಟಿ ಮುಂದಿಟ್ಟು, ಅವಳು ತುತ್ತು ಮುರಿಯುವುದನ್ನು ಕಣ್ಣಾರೆ ನೋಡಿ ಬಸ್ಸಿಗೆ ಓಡುತ್ತಿದ್ದೆ. ಸಂಜೆ ಬಂದರೆ ನಾಯಿ ದಿವಾನದ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿರುತ್ತಿತ್ತು. ಅಷ್ಟು ಉಪವಾಸ ಬಿದ್ದ ಪ್ರಾಣಿಗೆ ಎಂಥ ಸುಖದ ನಿದ್ದೆ ಎಂದು ಗುಮಾನಿ ಬಂದು ಹಾಸಿಗೆ ಎತ್ತಿದೆ. ಪೇಢಾದ ಕಾಗದಗಳು. ನನ್ನ ಕಣ್ಣೆದುರು ಮುರಿದ ತುತ್ತನ್ನು ಅವ್ವ ಬಾಯಿಗೆ ಹಾಕಿಕೊಳ್ಳದೆ ಹಿಡಿದು ಕೂತಿದ್ದು, ನಾನು ಬಾಗಿಲು ದಾಟಿದ ಮೇಲೆ ಪೇಢಾ ತಿನ್ನಿಸಿ, ಆಮೇಲೆ ಉಂಡಿದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಮ್ಮಲ್ಲಿ ನಾಯಿಗೆ ಚೆಲ್ಲಾಟವಾಗಿತ್ತು.

ತಮ್ಮನಿಗೆ ಫೋನ್ ಹಚ್ಚಿದೆ.

"ಇನ್ನ ಮ್ಯಾಲ ಪೇಢಾ ತಂದಿ ಅಂದ್ರ ಡಬ್ಬಿ ಸಹಿತ ರಸ್ತಾಕ್ಕ ಒಗೀತೀನಿ."

"ಪ್ರಸಾದ ಒಗೀತಿ ಏನ, ಅಕ್ಕಾ?" ಎಂದ. "ಅವ್ವಗ ಅದರಾಗ ಆನಂದ ಐತಿ, ಇರ್ಲಿ ಬಿಡು. ನೀ ಭಾಳ ಸಿಟ್ಟಿನಾಕಿ. ಶಾಂತ ಆಗು."

ಶಾಂತ ಆಗು ಎಂದು ಹೇಳುವವರು ಯಾವಾಗಲೂ ದೂರದಲ್ಲಿರುತ್ತಾರೆ. ನಾನು ಫೋನ್ ಇಟ್ಟೆ.

ಅದರ ಮುಂದಿನ ಭಾನುವಾರ ನನಗೆ ರಜೆ. ಇವತ್ತು ಬಾಗಿಲಲ್ಲಿ ನಿಂತು ಕಾಯುತ್ತೇನೆ, ನೋಡೇಬಿಡೋಣ ಎಂದುಕೊಂಡೆ. ಮೈಲಾರನ ವಾರ, ತತ್ತಿ ನಡೆಯುವುದಿಲ್ಲ. ಪನೀರು, ಕುಂಬಳ, ಗಜ್ಜರಿ ಕಲಸಿದೆ. ಅವ್ವ ಸ್ನಾನ ಮಾಡಿ, ದೇವರಿಗೆ ಭಂಡಾರ ಏರಿಸಿ, ನಾಯಿಯ ಹಣೆಗೂ ಒಂದಿಷ್ಟು ಹಚ್ಚಿದಳು. ನಾನು ಇನ್ಸುಲಿನ್ ಚುಚ್ಚಿದೆ. ನಾಯಿ ಮೂಸಿತು, ಹೋಯಿತು. ಪೇಢಾ ಡಬ್ಬಿಯನ್ನು ನಾನು ಅಟ್ಟದ ಮೇಲೆ ಹಾಕಿ, ಏಣಿ ತೆಗೆದಿದ್ದೆ. ಅವ್ವ ಒಮ್ಮೆ ಅಟ್ಟ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನಿನ್ನೆಯ ರೊಟ್ಟಿ ಮುಂದಿಟ್ಟು "ಉಣ್ಣು" ಎಂದೆ. "ಉಣ್ತೀನಿ, ಅದೊಂದ ತುತ್ತ ಮುಟ್ಟಲಿ" ಎಂದಳು. ನಾನೂ ಅವಳ ಮಗಳೇ. ಸೋಲಬಾರದೆಂದು ನಿಂತೆ.

ನಾನು ಬಟ್ಟೆ ಹಿಂಡಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅವಳು ಗೋಡೆಗೆ ಜಾರಿ ಕೂತಿದ್ದಳು. ಕುಪ್ಪಸ ಬೆವರಿನಿಂದ ತೊಯ್ದಿತ್ತು. ಕಣ್ಣು ತೆರೆದಿದ್ದವು, ಆದರೆ ನನ್ನ ಗುರುತು ಹಿಡಿಯಲಿಲ್ಲ. ಸಕ್ಕರೆ ಇಳಿದಿತ್ತು. ಡಬ್ಬಿಯಲ್ಲಿದ್ದ ಸಕ್ಕರೆ ನೆಲಕ್ಕೆ ಚೆಲ್ಲಿ, ಬೆರಳಿಗೆ ಹತ್ತಿದಷ್ಟನ್ನೇ ಅವಳ ಕೆನ್ನೆಯ ಒಳಗೆ ತಿಕ್ಕಿದೆ. ಮತ್ತೆ ತಿಕ್ಕಿದೆ. ಆಮೇಲೆ ನುಂಗುವಷ್ಟು ಎಚ್ಚರ ಬಂದ ಮೇಲೆ ಸಕ್ಕರೆ ನೀರು ಕುಡಿಸಿದೆ. ನಿಧಾನಕ್ಕೆ ಅವಳ ಕಣ್ಣಿಗೆ ನಾನು ಕಂಡೆ. ಅವಳು ಆಡಿದ ಮೊದಲ ಮಾತು, "ಅದು ಉಂಡ್ತೇನ?"

ನಾನು ಅತ್ತೆ. ದುಃಖಕ್ಕೆ ಅಲ್ಲ, ಸಿಟ್ಟಿಗೆ, ಆ ಕ್ಷಣ ಆ ನಾಯಿಯನ್ನು ಎತ್ತಿ ಒಗೆಯಬೇಕೆನಿಸಿತು. ಅದು ಅವ್ವನ ಪಾದ ನೆಕ್ಕುತ್ತಿತ್ತು. ಮೈಲಾರನ ಮೇಲೂ ಸಿಟ್ಟು ಬಂತು. ಏಳು ಕೋಟಿ ದಂಡಿನ ಒಡೆಯ, ಒಂದು ನಾಯಿಗೆ ಬುದ್ಧಿ ಹೇಳಲು ಆಗಲಿಲ್ಲ.

ಸಕ್ಕರೆ ನೀರು ಎಷ್ಟು ಹೊತ್ತು ಹಿಡಿದೀತು? ಹೊಟ್ಟೆಗೆ ಊಟ ಬೀಳಲೇಬೇಕಿತ್ತು, ಅದೂ ಆಗಲೇ. ಅಂದು ಬೆಳಗಿನಿಂದ ಮಾಲಕರ ಅಡುಗೆಯಲ್ಲೇ ಇದ್ದದ್ದರಿಂದ ಬಿಸಿ ರೊಟ್ಟಿ ಇನ್ನೂ ಆಗಿರಲಿಲ್ಲ, ಮುಂದಿಟ್ಟಿದ್ದ ನಿನ್ನೆಯ ಒಣ ರೊಟ್ಟಿ ಆ ಸ್ಥಿತಿಯಲ್ಲಿ ಅವಳಿಂದ ಅಗಿಯಲಾಗದು. ಹಂಚು ಇಟ್ಟು ಹಿಟ್ಟು ನಾದತೊಡಗಿದೆ. ಅಷ್ಟರಲ್ಲಿ ತಮ್ಮ ಬಂದ, ಪ್ರತಿ ಭಾನುವಾರದಂತೆ. ಕೈಯಲ್ಲಿ ಪೇಢಾ ಡಬ್ಬಿ. ಆದದ್ದನ್ನು ಹೇಳಿದೆ. "ಅಯ್ಯ, ಅವ್ವಾ" ಎಂದು ಅವಳ ಹಣೆ ಮುಟ್ಟಿದ. ಅವನಿಗೆ ಸಂಕಟವಾಗಿದ್ದು ನಿಜ, ಅದನ್ನು ಇಲ್ಲ ಎನ್ನಲಾರೆ. ಆಮೇಲೆ ಅಭ್ಯಾಸದಂತೆ ಕೈಕಾಲು ತೊಳೆದುಕೊಂಡು ಬಂದು ಒಲೆಯ ಎದುರು ಚಾಪೆಯ ಮೇಲೆ ಕೂತ.

ಅವ್ವ ಎದ್ದಳು. ಈಗಷ್ಟೇ ಮಗಳ ಗುರುತು ಹಿಡಿಯದೆ ಬಿದ್ದಿದ್ದವಳು ಗೋಡೆ ಹಿಡಿದು ಎದ್ದು, ತಾಟು ತೊಳೆದು ಮಗನ ಮುಂದೆ ಇಟ್ಟಳು. ಚಟ್ನಿ ಹಾಕಿದಳು. ಉಪ್ಪು ಹಾಕಿದಳು. ಹಂಚಿನ ಮೇಲೆ ನನ್ನ ಮೊದಲ ರೊಟ್ಟಿ ಉಬ್ಬಿದ್ದೇ ತಡ, ಬರಿಗೈಯಿಂದ ಎತ್ತಿ ಅವನ ತಾಟಿಗೆ ಹಾಕಿದಳು. ಅವನು ರೊಟ್ಟಿ ಮುರಿಯಲು ಕೈ ಚಾಚಿದ.

ನಾನು ತಾಟನ್ನು ಕಿತ್ತುಕೊಂಡೆ.

"ನಾ ಏನ್ ಮಾಡೀನಿ?" ಎಂದ ಅವನು, ಕೈ ಗಾಳಿಯಲ್ಲೇ ಬಿಟ್ಟು.

"ಏನೂ ಮಾಡಿಲ್ಲ. ಅದನ್ನ ಹೇಳಾಕತ್ತೀನಿ, ನೀ ಎಂದೂ ಏನೂ ಮಾಡಿಲ್ಲ," ಎಂದೆ. ತಾಟನ್ನು ಅವ್ವನ ಮುಂದೆ ಇಟ್ಟು ಅವಳನ್ನು ಹೆಗಲು ಹಿಡಿದು ಕೂರಿಸಿದೆ. "ಉಣ್ಣು. ನಾಯಿ ಸಾಯಲಿ, ಮಗಾ ಉಪಾಸ ಬೀಳಲಿ. ಮೊದಲ ನೀ ಉಣ್ಣು."

ಅವ್ವ ತಾಟು ನೋಡಿದಳು. ಮಗನನ್ನು ನೋಡಿದಳು. ನಾಯಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ, ಓದಲು ಬಾರದ ಮಗು ಪುಸ್ತಕ ಮುಂದೆ ಹಿಡಿದು ಹೇಳುವ ಹಾಗೆ, "ನನಗ ಮೊದಲ ಉಣ್ಣಾಕ ಬರಂಗಿಲ್ಲವ್ವಾ," ಎಂದಳು.

ಇಷ್ಟು ದಿನ ನಾನು ಜಗಳ ಆಡಿದ್ದು ನಾಯಿಯ ಜೊತೆ, ದೇವರ ಜೊತೆ. ಮದುವೆಯಾಗಿ ಬಂದಾಗ ಅತ್ತೆ ಮಾವ ಉಂಡ ಮೇಲೆ, ಆಮೇಲೆ ಅಪ್ಪ ಉಂಡ ಮೇಲೆ, ಆಳುಗಳು ಉಂಡ ಮೇಲೆ, ನಾವು ಉಂಡ ಮೇಲೆ ಅವಳು ತಳ ಕೆರೆದು ಉಂಡವಳು. ಅಪ್ಪ ಸತ್ತ. ನಾನು ಶಾಲೆಗೆ ಹೋಗುತ್ತಿದ್ದೆ. ಅವಳಿಗಿಂತ ಮೊದಲು ಉಣ್ಣುವವರು ಯಾರೂ ಮನೆಯಲ್ಲಿ ಉಳಿಯಲಿಲ್ಲ. ಅದಕ್ಕೇ ಭಾನುವಾರದ ಪದ್ಧತಿ ವಾರವಿಡೀ ಆಗಿತ್ತು. ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಆದರೆ ಆ ಹೊತ್ತಿಗೆ ಭಾಷಣ ಮಾಡಿ ಪ್ರಯೋಜನವಿರಲಿಲ್ಲ, ಅವಳ ತುಟಿ ಮತ್ತೆ ಬೆಳ್ಳಗಾಗುತ್ತಿತ್ತು. ಅವಳ ದೇವರನ್ನೇ ಹಿಡಿದುಕೊಂಡೆ.

"ವಗ್ಗಯ್ಯ ದೋಣಿ ಮುಂದ ಏನಾಗ್ತಾನ?"

"ಮೈಲಾರನ ನಾಯಿ ಆಗ್ತಾನ."

"ನೀ ಯಾರ ಒಕ್ಕಲ?"

"ಮೈಲಾರಂದು."

"ಅಂದ್ರ ನೀನೂ ಅವನ ನಾಯೀನ. ಇವತ್ತ ಐತವಾರ. ನಾಯಿ ಮೊದಲ ಉಣ್ಣಬೇಕಿಲ್ಲ? ಉಣ್ಣು."

"ಅವ್ವಗ ನಾಯಿ ಅಂತೀ?" ಎಂದು ತಮ್ಮ ಗದರಿದ. ನಾನು ಅವನತ್ತ ನೋಡಲಿಲ್ಲ. ಹೆತ್ತ ತಾಯಿಯನ್ನು ನಾಯಿ ಎಂದ ಮಗಳು ನಾನು. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಅವ್ವ ನನ್ನ ಮುಖ ನೋಡಿದಳು. ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕುತ್ತಿದ್ದಂತಿತ್ತು. ಸಿಗಲಿಲ್ಲವೇನೋ. ದೇವರ ಜಗಲಿಯ ಕಡೆ ಒಮ್ಮೆ ಕೈ ಮುಗಿದು, ರೊಟ್ಟಿ ಮುರಿದು, ಚಟ್ನಿಗೆ ಹಚ್ಚಿ ಬಾಯಿಗೆ ಇಟ್ಟುಕೊಂಡಳು. ನಾವಿಬ್ಬರೂ ಅವಳ ದವಡೆಯನ್ನೇ ನೋಡುತ್ತ ನಿಂತೆವು. ಮಾಲಕರನ್ನು ನೋಡುವವರು ಯಾರೂ ಇರಲಿಲ್ಲ. ಅವರು ದಿವಾನದಿಂದ ಇಳಿದು, ಅವ್ವನ ಸುತ್ತ ಒಮ್ಮೆ ಸುಳಿದು, ಒಂದು ಸಲ ಕುಂಯ್‌ಗುಟ್ಟಿದರು. ಯಾರೂ ತಿರುಗಲಿಲ್ಲ. ಮೂಲೆಯಲ್ಲಿ, ನಾನು ಗಾಬರಿಯಲ್ಲಿ ಎತ್ತಿಡಲು ಮರೆತ ಪನೀರು ಕುಂಬಳದ ತಾಟು ಹಾಗೇ ಇತ್ತು. ಹೋಗಿ ತಿನ್ನತೊಡಗಿದರು. ಕುಂಬಳ ಸಹಿತ, ಗಜ್ಜರಿ ಸಹಿತ, ತಾಟು ನೆಲದ ಮೇಲೆ ಸರಿದಾಡುವ ಹಾಗೆ. ಅಂದಿನಿಂದ ಅವ್ವ ಉಣ್ಣುವಾಗಲೇ ಅದರ ತಾಟು ಇಡುತ್ತೇನೆ, ಅದು ಅವಳನ್ನು ನೋಡುತ್ತ ಉಣ್ಣುತ್ತದೆ. ಕೂದಲು ತಿರುಗಿ ಬಂದಿದೆ.

ಅವ್ವ ಅದನ್ನು ಅಂದು ಗಮನಿಸಲೇ ಇಲ್ಲ. ಎರಡನೆಯ ತುತ್ತು ಮುರಿದು, ಅದರಿಂದ ಏಳುತ್ತಿದ್ದ ಉಗಿಯನ್ನು ನೋಡುತ್ತಿದ್ದಳು. ಹಬ್ಬಕ್ಕೆ, ಸುಗ್ಗಿಗೆ, ಬೀಗರಿಗೆ, ಕುರಿಗಾರರಿಗೆ ರೊಟ್ಟಿ ಬಡಿದು ಅಂಗೈ ಗಟ್ಟಿಯಾದವಳು. ಬಾಯಲ್ಲಿದ್ದದ್ದನ್ನು ನಿಧಾನಕ್ಕೆ ಅಗಿದು ನುಂಗಿ, ನನ್ನ ಕಡೆ ತಿರುಗಿದಳು.

"ಬಿಸಿ ರೊಟ್ಟಿ ಹಿಂಗ ಇರ್ತೈತೇನ?" ಎಂದು ಕೇಳಿದಳು.

ನಾನು ಒಲೆಯ ಕಡೆ ತಿರುಗಿ ಇನ್ನೊಂದು ರೊಟ್ಟಿ ಬಡಿದೆ. ಬಡಿದ ಸಿಟ್ಟಿಗೆ ಅದು ನಡುವೆ ಹರಿಯಿತು. ಹರಿದದ್ದನ್ನು ತಮ್ಮನಿಗೆ ಹಾಕಿ, ಅವ್ವನಿಗೆ ಬೇರೆ ಬಡಿದೆ.